ಬೀಜ ಪರೀಕ್ಷಾ ಪ್ರಯೋಗಾಲಯದ ಸಿಬ್ಬಂದಿಗೆ ಬೂಷ್ಟು, ಧೂಳಿನಿಂದ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಕೃಷಿ ಆಯುಕ್ತರು,
ಕೃಷಿ ಇಲಾಖೆ, ಬೆಂಗಳೂರು.

ಇಂದ,
ಬೀಜ ಪರೀಕ್ಷಾ ಪ್ರಯೋಗಾಲಯದ ವಿಶ್ಲೇಷಕರು, ಸಹಾಯಕರು ಮತ್ತು ಹೊರಗುತ್ತಿಗೆ ನೌಕರರು.

ವಿಷಯ: ಶಿಲೀಂಧ್ರ ಮತ್ತು ಬೀಜದ ಧೂಳಿನಿಂದ ಆಗುತ್ತಿರುವ ಆರೋಗ್ಯ ಹಾನಿಯನ್ನು ತಡೆಯುವ ಕುರಿತು.

ಮಾನ್ಯರೇ,

1966ರ ಬೀಜ ಅಧಿನಿಯಮದಡಿ ನಾವು ಕೊಡುವ ವರದಿಯನ್ನು ನಂಬಿ ರೈತರು ಬಿತ್ತುತ್ತಾರೆ, ಕಳಪೆ ಬೀಜ ಮಾರಿದವರ ಮೇಲೆ ಮೊಕದ್ದಮೆ ಹೂಡಲಾಗುತ್ತದೆ. ಆ ವರದಿ ಸಿದ್ಧಪಡಿಸುವವರು ಎಂಥ ಗಾಳಿ ಉಸಿರಾಡುತ್ತಿದ್ದಾರೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ.

ಬೀಜದ ಆರೋಗ್ಯ ಪರೀಕ್ಷೆಯಲ್ಲಿ ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ತಟ್ಟೆಗೆ 25ರಂತೆ 400 ಬೀಜ ಜೋಡಿಸಿ, ಏಳು ದಿನ ಬೂಷ್ಟು ಬೆಳೆಯಲು ಬಿಡುತ್ತೇವೆ. ಆಮೇಲೆ ಮಾದರಿಯೊಂದಕ್ಕೆ 16 ಪೆಟ್ರಿ ತಟ್ಟೆಗಳ ಮುಚ್ಚಳ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬೀಜ ಬೀಜವನ್ನೂ ನೋಡಬೇಕು. ಶೇಂಗಾ ಆದರೆ ಹಳದಿ ಮಿಶ್ರಿತ ಹಸಿರು ಪುಡಿಯಂತೆ ಆಸ್ಪರ್ಜಿಲಸ್ ಫ್ಲೇವಸ್, ಕಾಡಿಗೆಯಂತೆ ಆಸ್ಪರ್ಜಿಲಸ್ ನೈಜರ್. ಮುಚ್ಚಳ ಎತ್ತಿದಷ್ಟಕ್ಕೇ ಬೀಜಕಗಳು ಮೂಗಿನ ಬುಡದಲ್ಲಿ ಹಾರುತ್ತವೆ. ಅಸ್ತಮಾ ಇದ್ದವರಿಗೆ ಉಬ್ಬಸ ಏಳಲು ಅಷ್ಟು ಸಾಕು. ಫ್ಲೇವಸ್ ಉತ್ಪಾದಿಸುವ ಅಫ್ಲಾಟಾಕ್ಸಿನ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ.

ಲ್ಯಾಮಿನಾರ್ ಏರ್‌ಫ್ಲೋ ಇದೆಯಲ್ಲ ಎಂಬ ಉತ್ತರ ನಮಗೆ ಸಿಗುತ್ತದೆ. ಅಡ್ಡಗಾಳಿಯ ಆ ಯಂತ್ರ ಹಿಂಬದಿಯಿಂದ ಶುದ್ಧ ಗಾಳಿಯನ್ನು ತಟ್ಟೆಗಳ ಮೇಲೆ ಹಾಯಿಸಿ, ಎದುರು ಕುಳಿತವರ ಮುಖಕ್ಕೇ ಬಿಡುತ್ತದೆ. ತಟ್ಟೆ ಕಲುಷಿತವಾಗದಂತೆ ಕಾಯುವುದಷ್ಟೇ ಅದರ ಕೆಲಸ. ಬೂಷ್ಟು ಬೆಳೆದ ತಟ್ಟೆಯನ್ನು ಅದರಲ್ಲಿಟ್ಟು ತೆರೆದರೆ ಅಪಾಯ ಹೆಚ್ಚೇ ಆಗುತ್ತದೆ. ಆದ್ದರಿಂದ ಎರಡನೇ ದರ್ಜೆಯ ಜೈವಿಕ ಸುರಕ್ಷತಾ ಕ್ಯಾಬಿನೆಟ್ ಒದಗಿಸಬೇಕೆಂಬುದು ನಮ್ಮ ಮೊದಲ ಬೇಡಿಕೆ.

ಶುದ್ಧತೆ ಪರೀಕ್ಷೆಯ ಮೇಜಿನ ಸ್ಥಿತಿಯೂ ಇಷ್ಟೇ. ಹಗುರ ಕಸ ಹಾರಿಹೋದರೆ ತೂಕ ತಪ್ಪುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಥೈರಮ್ ಲೇಪಿಸಿದ ಬೀಜ ಬಂದರೆ ಧೂಳಿನ ಜೊತೆ ಔಷಧವೂ ಒಳಗೆ ಹೋಗುತ್ತದೆ, ಕಣ್ಣು ಚರ್ಮ ಉರಿಯುತ್ತವೆ. ಮೇಜಿಗೆ ಧೂಳು ಹೀರುವ ವ್ಯವಸ್ಥೆ ಬೇಕು. ಎನ್95 ಮಾಸ್ಕ್ ಮತ್ತು ಕೈಗವಸು ಕೇಳಿದಾಗಲೆಲ್ಲ ಸಿಗಬೇಕು. ಶಸ್ತ್ರಚಿಕಿತ್ಸೆಯ ತೆಳು ಮಾಸ್ಕ್ ಬೀಜಕಗಳನ್ನು ತಡೆಯಲಾರದು.

ಮೊಳಕೆ ಕೋಣೆಯ ಗೋಡೆ, ಟ್ರೇಗಳಲ್ಲಿ ಬೂಷ್ಟು ನೆಲೆನಿಂತರೆ ಕಾಗದದ ಸುರುಳಿಯೊಳಗೆ ಒಂದು ಬೀಜದಿಂದ ಪಕ್ಕದ ಬೀಜಕ್ಕೆ ಹಬ್ಬುತ್ತದೆ. ಶೇ. 70 ಮೊಳಕೆ ದಾಟಬೇಕಾದ ಶೇಂಗಾ ಬೀಜ ತನ್ನ ತಪ್ಪಿಲ್ಲದೆಯೇ ಅನುತ್ತೀರ್ಣವಾಗಬಹುದು. ನಮ್ಮ ಶ್ವಾಸಕೋಶದ ಮಾತು ರೈತರ ಹೊಲದ ಮಾತೂ ಹೌದು. ಕೋಣೆಯನ್ನು ನಿಗದಿತ ಅವಧಿಗೊಮ್ಮೆ ತೆರವು ಮಾಡಿ ಶುಚಿಗೊಳಿಸಲು ಆದೇಶಿಸಬೇಕು. ಬಳಸಿದ ತಟ್ಟೆ, ಕಾಗದಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಂಸ್ಕರಿಸದೆ ಹೊರಹಾಕಬಾರದು.

ಪ್ರತಿ ವರ್ಷ ಎಲ್ಲರಿಗೂ ಶ್ವಾಸಕೋಶದ ತಪಾಸಣೆ ಆಗಬೇಕು. ಹೊರಗುತ್ತಿಗೆ ನೌಕರರನ್ನು ವಿಶೇಷವಾಗಿ ಹೇಳುತ್ತಿದ್ದೇವೆ: ತಟ್ಟೆ ತೊಳೆಯುವವರು, ಮಾದರಿ ಚೀಲ ಬಿಚ್ಚುವವರು ಅವರೇ, ಕೆಮ್ಮಿನಿಂದ ರಜೆ ಹಾಕಿದರೆ ಕೂಲಿ ಕಡಿತವಾಗುವುದೂ ಅವರಿಗೇ. ಸಾವಯವ ಧೂಳಿನಿಂದ ಬರುವ ಶ್ವಾಸಕೋಶದ ಅಲರ್ಜಿ ರೋಗ ನೌಕರರ ಪರಿಹಾರ ಕಾನೂನಿನ ಅನುಸೂಚಿಯಲ್ಲಿ ಔದ್ಯೋಗಿಕ ರೋಗವೆಂದೇ ದಾಖಲಾಗಿದೆ. ಅವರ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಯಾರದೆಂದು ಗುತ್ತಿಗೆ ಕರಾರಿನಲ್ಲೇ ಬರೆಯಿಸಬೇಕು.

ಕ್ಯಾಬಿನೆಟ್ ಖರೀದಿಗೆ ಟೆಂಡರ್, ಅನುದಾನ ಎಂದು ಸಮಯ ಹಿಡಿಯುವುದು ನಮಗೆ ಗೊತ್ತಿದೆ. ಮಾಸ್ಕ್, ಕೈಗವಸು ಮತ್ತು ವೈದ್ಯಕೀಯ ತಪಾಸಣೆಗೆ ಅಷ್ಟು ಕಾಯಬೇಕಿಲ್ಲ. ಮುಂಗಾರಿನ ಮಾದರಿಗಳು ಬರುವ ಮೊದಲೇ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಮಸ್ತ ಸಿಬ್ಬಂದಿಯ ಸಹಿಗಳು)