ಸಾವಯವ ಕೃಷಿಗೆ ಸರ್ಕಾರದ ಹಣ: ರೈತನ ಕೈಗೆ ಬರುವುದೆಷ್ಟು?

ವಿಷಮುಕ್ತ ಬೇಸಾಯಕ್ಕೆ ಬನ್ನಿ ಎಂದು ಸರ್ಕಾರಗಳು ರೈತರನ್ನು ಕರೆಯುತ್ತಿರುವುದು ಇಂದು ನಿನ್ನೆಯ ಮಾತಲ್ಲ. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ತಂದಿತು. ಕೇಂದ್ರವು 2015ರಲ್ಲಿ ಪರಂಪರಾಗತ ಕೃಷಿ ವಿಕಾಸ ಯೋಜನೆಯನ್ನು ಆರಂಭಿಸಿತು. 2024ರ ನವೆಂಬರಿನಲ್ಲಿ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಕೇಂದ್ರ ಮತ್ತು ರಾಜ್ಯಗಳ ಪಾಲು ಸೇರಿ ಇದರ ವೆಚ್ಚ 2,481 ಕೋಟಿ ರೂಪಾಯಿ, ಗುರಿ ಒಂದು ಕೋಟಿ ರೈತರು. ಇಷ್ಟಾದರೂ ಬಹುಪಾಲು ರೈತರು ಯೂರಿಯಾ ಚೀಲವನ್ನು ಬಿಟ್ಟಿಲ್ಲ. ಇದಕ್ಕೆ ರೈತರ ಹಟ ಕಾರಣವಲ್ಲ, ಲೆಕ್ಕ ಕಾರಣ.

ಪರಂಪರಾಗತ ಯೋಜನೆಯಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ ಒಟ್ಟು 31,500 ರೂಪಾಯಿ ನೆರವಿದೆ. ಇದರಲ್ಲಿ ಗೊಬ್ಬರ ಮುಂತಾದ ಒಳಸುರಿಗಾಗಿ ರೈತನ ಖಾತೆಗೆ ನೇರವಾಗಿ ಬರುವುದು 15,000. ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರಾಟ ವ್ಯವಸ್ಥೆಗೆ ಹೋಗುತ್ತದೆ. ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 2,000 ರೂಪಾಯಿ. ಹೊಸ ಮಿಷನ್‌ನಲ್ಲಿ ಎಕರೆಗೆ ವರ್ಷಕ್ಕೆ 4,000, ಅದೂ ಎರಡು ವರ್ಷ ಮಾತ್ರ.

ಇನ್ನೊಂದು ತಕ್ಕಡಿಯನ್ನು ನೋಡಬೇಕು. 2025-26ರ ಕೇಂದ್ರ ಬಜೆಟ್‌ನಲ್ಲಿ ರಸಗೊಬ್ಬರ ಸಬ್ಸಿಡಿಗೆ ಇಟ್ಟ ಹಣ ಸುಮಾರು 1.67 ಲಕ್ಷ ಕೋಟಿ, ನೈಸರ್ಗಿಕ ಕೃಷಿ ಮಿಷನ್‌ಗೆ 616 ಕೋಟಿ. ಅಲ್ಲಿ ನೂರು ರೂಪಾಯಿ ಹೋದರೆ ಇಲ್ಲಿಗೆ ನಲವತ್ತು ಪೈಸೆಯೂ ಬರುವುದಿಲ್ಲ. 45 ಕಿಲೋ ಯೂರಿಯಾ ಚೀಲ 270 ರೂಪಾಯಿಯೊಳಗೆ ಸಿಗುವಾಗ ಸಗಣಿ, ಹಸಿರೆಲೆ ಗೊಬ್ಬರಕ್ಕೆ ಕೂಲಿ ಹಾಕಿ ದುಡಿಯಲು ಯಾರು ಮುಂದೆ ಬರುತ್ತಾರೆ?

ಹಾಗೆಂದು ರಸಗೊಬ್ಬರದ ಸಬ್ಸಿಡಿಯನ್ನು ಒಮ್ಮೆಗೇ ಕಡಿದರೆ ಸಣ್ಣ ರೈತ ಉಳಿಯಲಾರ. 2023ರಲ್ಲಿ ಬಂದ ಪಿಎಂ-ಪ್ರಣಾಮ್ ಯೋಜನೆ ಮಧ್ಯದ ದಾರಿಯನ್ನು ತೋರಿಸಿದೆ. ರಾಜ್ಯವೊಂದು ರಸಗೊಬ್ಬರ ಬಳಕೆಯನ್ನು ಇಳಿಸಿದರೆ ಉಳಿದ ಸಬ್ಸಿಡಿಯ ಅರ್ಧದಷ್ಟು ಅದೇ ರಾಜ್ಯಕ್ಕೆ ಅನುದಾನವಾಗಿ ಬರುತ್ತದೆ. ಆ ಹಣ ಬದಲಾದ ರೈತನಿಗೇ ತಲುಪುವಂತೆ ನೋಡಿಕೊಳ್ಳುವುದು ರಾಜ್ಯಗಳ ಹೊಣೆ.

ನಿಜವಾದ ಕಷ್ಟ ಇರುವುದು ಮೊದಲ ಎರಡು-ಮೂರು ವರ್ಷಗಳಲ್ಲಿ. ಇಳುವರಿ ಇಳಿಯುತ್ತದೆ, ಪ್ರಮಾಣಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಸಾಮಾನ್ಯ ಮಾಲಿನ ದರವೇ ಗತಿ. ಸರ್ಕಾರದ ನೆರವು ಗೊಬ್ಬರದ ಖರ್ಚನ್ನು ಸ್ವಲ್ಪ ತುಂಬುತ್ತದೆಯೇ ಹೊರತು ಈ ನಷ್ಟವನ್ನು ತುಂಬುವುದಿಲ್ಲ. ಅನೇಕರು ಅರ್ಧದಲ್ಲೇ ಹಿಂದಿರುಗುವುದು ಇಲ್ಲಿಯೇ.

ಈ ವಿಷಯ ಜೈನ ಸಮಾಜಕ್ಕೆ ಹೊರಗಿನದಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ ಭಾಗಗಳಲ್ಲಿ ಬೇಸಾಯವನ್ನೇ ನಂಬಿದ ಜೈನ ಕುಟುಂಬಗಳು ಬಹಳಷ್ಟಿವೆ. ಊರೂರಿನಲ್ಲಿ ದಿನಸಿ, ಧಾನ್ಯ ವ್ಯಾಪಾರದಲ್ಲಿ ಶ್ರಾವಕರಿದ್ದಾರೆ. ಕೀಟನಾಶಕ ಕಡಿಮೆಯಾದರೆ ಮಣ್ಣಿನಲ್ಲಿರುವ ಅಸಂಖ್ಯ ಜೀವಗಳು ಉಳಿಯುತ್ತವೆ. ಆದರೆ ಜೀವದಯೆಯ ಭಾರವನ್ನೆಲ್ಲ ಬಡ ರೈತನೊಬ್ಬನ ಹೆಗಲ ಮೇಲೆ ಹಾಕುವುದು ನ್ಯಾಯವಲ್ಲ. ಪರಿವರ್ತನೆಯ ವರ್ಷಗಳ ಬೆಳೆಯನ್ನು ಮೊದಲೇ ಗೊತ್ತುಮಾಡಿದ ದರಕ್ಕೆ ಕೊಳ್ಳಲು ಹತ್ತು ವರ್ತಕರು ಒಂದು ಊರಿನಲ್ಲಿ ಕೂಡಿದರೆ, ಅನುದಾನ ಮುಟ್ಟದ ಜಾಗವನ್ನು ಅದು ಮುಟ್ಟೀತು.