ವಾಲ್ಡನ್ ಕೊಳವೂ ಲೋವೆಲ್ ಗಿರಣಿಯೂ

ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಸುಧಾರಣೆಗಳ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯ ಬಳಗಗಳಲ್ಲಿ ಎರಡೇ ಹೆಸರುಗಳು ಕೇಳಿಬರುತ್ತವೆ. ಒಂದು ಎಮರ್ಸನ್, ಇನ್ನೊಂದು ಥೋರೋ. ಒಬ್ಬರನ್ನು ಋಷಿಯೆಂದೂ ಇನ್ನೊಬ್ಬರನ್ನು ಕೊಳದ ದಡದಲ್ಲಿ ಕುಳಿತ ತಪಸ್ವಿಯೆಂದೂ ಭಾವಿಸಿ ಕೈಮುಗಿಯುವುದು ನಮಗೆ ರೂಢಿಯಾಗಿದೆ. ಗಾಂಧೀಜಿ ಥೋರೋ ಅವರನ್ನು ಓದಿದ್ದರೆಂಬ ಸಂಗತಿ ಈ ಭಕ್ತಿಗೆ ಇನ್ನಷ್ಟು ಇಂಬು ಕೊಟ್ಟಿದೆ. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ಅದರ ಬೆನ್ನಿಗೆ ನಿಂತಿರುವ ಸಿದ್ಧಾಂತದ ಬಗ್ಗೆ ಇದೆ. ಸಮಾಜದ ಸುಧಾರಣೆಯೆಂಬುದು ಮೊದಲು ಕೆಲವು ಮಹನೀಯರ ಅಂತಃಸಾಕ್ಷಿಯಲ್ಲಿ ಹುಟ್ಟಿ, ಅಲ್ಲಿಂದ ಕೆಳಗಿಳಿದು ಜನಸಾಮಾನ್ಯರನ್ನು ತಲುಪುತ್ತದೆ ಎಂಬುದು ಆ ಸಿದ್ಧಾಂತ. ಚರಿತ್ರೆ ಇದಕ್ಕೆ ಸಾಕ್ಷಿ ಹೇಳುವುದಿಲ್ಲ.

1845ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಥೋರೋ ವಾಲ್ಡನ್ ಕೊಳದ ಬಳಿ ತಾವೇ ಕಟ್ಟಿಕೊಂಡ ಮನೆಗೆ ವಾಸಕ್ಕೆ ಹೋದರು. ಈ ದಿನಾಂಕ ನಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಅದೇ ದಿನ, ಅದೇ ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಎಂಬ ಊರಿನಲ್ಲಿ ಕಾರ್ಮಿಕರ ದೊಡ್ಡ ಸಭೆಯೊಂದು ನಡೆಯಿತು. ಹೆಂಗಸರು ಗಂಡಸರ ಸಭೆಯಲ್ಲಿ ಎದ್ದುನಿಂತು ಮಾತಾಡುವುದನ್ನು ಸಭ್ಯತೆಗೆ ವಿರುದ್ಧವೆಂದು ಬಗೆಯುತ್ತಿದ್ದ ಆ ಕಾಲದಲ್ಲಿ, ಲೋವೆಲ್ ನಗರದ ಗಿರಣಿಗಳಲ್ಲಿ ದುಡಿದ ಸಾರಾ ಬ್ಯಾಗ್ಲಿ ಎಂಬ ಮಹಿಳೆ ಆ ಸಭೆಯಲ್ಲಿ ಭಾಷಣ ಮಾಡಿದರು. ಈ ಎರಡನೆಯ ಸಂಗತಿ ನಮ್ಮ ಯಾವ ಪಠ್ಯದಲ್ಲೂ ಇರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಂಥವರಿಗೆ ಮ್ಯಾಥಿಸನ್ 1941ರಲ್ಲಿ ಬರೆದ ‘ಅಮೆರಿಕನ್ ರಿನೈಸನ್ಸ್’ ಗ್ರಂಥ ಐವರು ಲೇಖಕರನ್ನು ತೋರಿಸಿಕೊಟ್ಟಿತು. ಐವರೂ ದೊಡ್ಡವರೇ. ಆದರೆ ಆ ಐವರ ಕಾಲದಲ್ಲಿ, ಅವರು ಉಟ್ಟ ಬಟ್ಟೆಯನ್ನು ನೇಯುತ್ತಿದ್ದವರು ಯಾರೆಂದು ಕೇಳುವ ಅಭ್ಯಾಸ ನಮಗಾಗಲಿಲ್ಲ.

ಲೋವೆಲ್ ಎಂಬುದು ಒಬ್ಬ ವ್ಯಾಪಾರಿಯ ಹೆಸರು. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಮತ್ತು ಅವರ ಪಾಲುದಾರರು 1813ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿ, ಹತ್ತಿ ಒಳಹೊಕ್ಕು ಬಟ್ಟೆಯಾಗಿ ಹೊರಬರುವ ತನಕದ ಎಲ್ಲ ಕೆಲಸವನ್ನೂ ಒಂದೇ ಸೂರಿನಡಿ ತಂದರು. 1817ರಲ್ಲಿ ಅವರು ತೀರಿಕೊಂಡ ಮೇಲೆ ಪಾಲುದಾರರು ಮೆರಿಮ್ಯಾಕ್ ನದಿಯ ಜಲಪಾತದ ಬಳಿ ಹೊಸ ಊರನ್ನೇ ಕಟ್ಟಿ, ಅದಕ್ಕೆ ಅವರ ಹೆಸರಿಟ್ಟರು. ಗಿರಣಿಗಳಿಗೆ ಬೇಕಾದ ಕೈಗಳನ್ನು ನ್ಯೂ ಇಂಗ್ಲೆಂಡಿನ ಹಳ್ಳಿಗಳ ರೈತರ ಮನೆಗಳಿಂದ ಕರೆತಂದರು. ಹೆಚ್ಚಿನವರು ಮದುವೆಯಾಗದ ಯುವತಿಯರು. ಅವರಿಗಾಗಿ ಕಂಪನಿಯ ವಸತಿಗೃಹಗಳಿದ್ದವು. ರಾತ್ರಿ ಹತ್ತಕ್ಕೆ ಬಾಗಿಲು ಮುಚ್ಚಬೇಕು, ಭಾನುವಾರ ಚರ್ಚಿಗೆ ಹೋಗಲೇಬೇಕು, ನಡತೆಯಲ್ಲಿ ಸ್ವಲ್ಪ ಲೋಪ ಕಂಡರೂ ಕೆಲಸ ಹೋಗುತ್ತದೆ. ಒಂದು ಗಿರಣಿಯಿಂದ ತೆಗೆದುಹಾಕಲ್ಪಟ್ಟವಳ ಹೆಸರು ಉಳಿದ ಗಿರಣಿಗಳಿಗೂ ತಿಳಿಯುತ್ತಿತ್ತು, ಅವಳಿಗೆ ಎಲ್ಲಿಯೂ ಕೆಲಸ ಸಿಗುತ್ತಿರಲಿಲ್ಲ. ದುಡಿಮೆ ವಾರಕ್ಕೆ ಸರಾಸರಿ 73 ಗಂಟೆ.

1842ರಲ್ಲಿ ಚಾರ್ಲ್ಸ್ ಡಿಕನ್ಸ್ ಲೋವೆಲ್‌ಗೆ ಬಂದರು. ಒಂದು ದಿನವಿದ್ದು, ಮೆಚ್ಚಿಕೊಂಡು ಹೋದರು. ವಸತಿಗೃಹಗಳಲ್ಲಿ ಪಿಯಾನೊ ಇತ್ತು, ಹುಡುಗಿಯರು ಗ್ರಂಥಾಲಯಕ್ಕೆ ಚಂದಾ ಕಟ್ಟಿ ಪುಸ್ತಕ ಓದುತ್ತಿದ್ದರು, ‘ಲೋವೆಲ್ ಆಫರಿಂಗ್’ ಎಂಬ ತಮ್ಮದೇ ಪತ್ರಿಕೆಯಲ್ಲಿ ಕಥೆ ಕವಿತೆ ಬರೆಯುತ್ತಿದ್ದರು. ಇಂಗ್ಲೆಂಡಿನ ಗಿರಣಿಗಳನ್ನು ಕಂಡಿದ್ದ ಡಿಕನ್ಸ್‌ಗೆ ಇದು ಬೆರಗಿನ ಸಂಗತಿಯಾಗಿ ತೋರಿದ್ದು ಸಹಜ. ಅವರು ಬರೆದದ್ದು ಸುಳ್ಳಲ್ಲ. ಆದರೆ ಈ ಪಿಯಾನೊವನ್ನು ಆಗಲೂ, ಅನಂತರವೂ ಬಳಸಿಕೊಂಡ ರೀತಿಯನ್ನು ಗಮನಿಸಬೇಕು. ‘ಇಷ್ಟೆಲ್ಲ ಸೌಕರ್ಯವಿರುವಾಗ ದೂರೇಕೆ?’ ಎಂಬ ಪ್ರಶ್ನೆಗೆ ಅದು ಆಧಾರವಾಯಿತು. ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಮಗ್ಗದ ಮುಂದೆ ನಿಂತವಳು ಪಿಯಾನೊ ನುಡಿಸುವುದು ಯಾವಾಗ? ಓದುವ ಹಸಿವು ಅವರಲ್ಲಿತ್ತು ಎಂಬುದಕ್ಕೆ ಆ ಪತ್ರಿಕೆ ಪುರಾವೆ. ಆ ಹಸಿವನ್ನು ತಣಿಸಲು ಬಿಡುವು ಬೇಕೆಂಬುದೇ ಮುಂದೆ ಅವರ ಹೋರಾಟದ ವಾದವಾಯಿತು. ಗಿರಣಿಯ ಕಷ್ಟಗಳ ಬರಹಗಳಿಗೆ ‘ಆಫರಿಂಗ್’ ಎಡೆ ಕೊಡುವುದಿಲ್ಲವೆಂದು, ಸ್ವತಃ ಅದರಲ್ಲಿ ಬರೆದಿದ್ದ ಬ್ಯಾಗ್ಲಿಯವರೇ ಬಹಿರಂಗವಾಗಿ ಆಕ್ಷೇಪಿಸಿದರು.

ಡಿಕನ್ಸ್ ಬರುವುದಕ್ಕೆ ಮುಂಚೆಯೇ ಲೋವೆಲ್ ಎರಡು ಮುಷ್ಕರಗಳನ್ನು ಕಂಡಿತ್ತು. 1834ರಲ್ಲಿ ಕೂಲಿ ಕಡಿತದ ವಿರುದ್ಧ ಸುಮಾರು 800 ಮಂದಿ ಗಿರಣಿಯಿಂದ ಹೊರನಡೆದರು. 1836ರಲ್ಲಿ ವಸತಿಗೃಹದ ಖರ್ಚನ್ನು ಅವರ ಮೇಲೆ ಹೇರಿದಾಗ ಇನ್ನೂ ಹೆಚ್ಚು ಮಂದಿ ಹೊರಬಂದರು. ಈ ಎರಡನೆಯ ಮುಷ್ಕರದಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗಿ, ದೊಡ್ಡವರು ಹಿಂದೆಮುಂದೆ ನೋಡುತ್ತಿದ್ದಾಗ ತಾನೇ ಮೊದಲಾಗಿ ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು. ಕಂಪನಿಯ ವಸತಿಗೃಹವೊಂದನ್ನು ನಡೆಸುತ್ತಿದ್ದ ವಿಧವೆ ತಾಯಿಯನ್ನು, ಮಗಳ ಈ ತಪ್ಪಿಗಾಗಿ, ಆ ಕೆಲಸದಿಂದ ತೆಗೆದುಹಾಕಲಾಯಿತು. ಅಕ್ಕರೆಯ ಯಜಮಾನಿಕೆಯ ನಿಜಸ್ವರೂಪ ತಿಳಿಯಲು ಈ ಒಂದು ಪ್ರಸಂಗ ಸಾಕು.

ಆದರೆ ನಮ್ಮ ವಾದಕ್ಕೆ ಮುಖ್ಯವಾದದ್ದು ಮುಷ್ಕರವಲ್ಲ, ಅರ್ಜಿ. 1844ರ ಕೊನೆಯಲ್ಲಿ ಬ್ಯಾಗ್ಲಿ ಮತ್ತು ಸಂಗಾತಿಗಳು ಮಹಿಳಾ ಕಾರ್ಮಿಕರದೇ ಆದ ಸುಧಾರಣಾ ಸಂಘವನ್ನು ಕಟ್ಟಿದರು. ದಿನದ ದುಡಿಮೆಯನ್ನು ಹತ್ತು ಗಂಟೆಗೆ ಮಿತಿಗೊಳಿಸಬೇಕೆಂದು ಕೋರಿ, ಇತರ ಊರುಗಳ ಕಾರ್ಮಿಕರೊಂದಿಗೆ ಸೇರಿ, ಎರಡು ಸಾವಿರಕ್ಕೂ ಮಿಕ್ಕಿದ ಸಹಿಗಳಿರುವ ಅರ್ಜಿಗಳನ್ನು ರಾಜ್ಯದ ಶಾಸನಸಭೆಗೆ ಸಲ್ಲಿಸಿದರು. 1845ರ ಫೆಬ್ರವರಿಯಲ್ಲಿ ಶಾಸನಸಭೆಯ ಸಮಿತಿಯೊಂದು ಅವರನ್ನು ಕರೆಸಿ ವಿಚಾರಣೆ ನಡೆಸಿತು. ಎಲೈಜಾ ಹೆಮಿಂಗ್ವೇ ಎಂಬ ಕೆಲಸಗಾರ್ತಿ ತಾವು ದುಡಿಯುವ ಕೋಣೆಯ ಲೆಕ್ಕವನ್ನೇ ಒಪ್ಪಿಸಿದರು. ಒಂದೇ ಕೋಣೆಯಲ್ಲಿ ನೂರೈವತ್ತರಷ್ಟು ಜನ, ಅವರಲ್ಲಿ ಹನ್ನೆರಡು ಮಕ್ಕಳು. ಚಳಿಗಾಲದ ಬೆಳಗು ಬೈಗುಗಳಲ್ಲಿ ಅಲ್ಲಿ ಉರಿಯುವುದು 293 ಸಣ್ಣ ದೀಪಗಳು, 61 ದೊಡ್ಡ ದೀಪಗಳು. ಆ ಹೊಗೆಯ ನಡುವೆ ಉಸಿರಾಡುವುದು ಹೇಗೆಂದು ಅವರು ವಿವರಿಸಬೇಕಾಗಿರಲಿಲ್ಲ. ಎಣಿಸಿ ಹೇಳಿದರೆ ಸಾಕಾಗಿತ್ತು. ನಮ್ಮ ವಾಸ್ತವವಾದಿ ಕಥನಗಳಲ್ಲಿ ಇಷ್ಟು ಮಿತಮಾತಿನ, ಇಷ್ಟು ಕಠೋರವಾದ ವರ್ಣನೆ ಅಪರೂಪ.

ಸಮಿತಿಯ ಸದಸ್ಯರು ಲೋವೆಲ್‌ಗೆ ಭೇಟಿಯಿತ್ತರು, ಗಿರಣಿಗಳ ಸುತ್ತಲಿನ ಹುಲ್ಲುಹಾಸನ್ನೂ ನೆಟ್ಟ ಮರಗಳನ್ನೂ ಮೆಚ್ಚಿಕೊಂಡರು. ವರದಿಯಲ್ಲಿ ಅವರು ದುಡಿಮೆಯ ಅವಧಿ ಕಡಿಮೆಯಾದರೆ ಒಳ್ಳೆಯದು, ಊಟಕ್ಕೆ ಹೆಚ್ಚು ಸಮಯ ಸಿಗಬೇಕು, ಗಾಳಿಯಾಡಬೇಕು ಎಂದೆಲ್ಲ ಒಪ್ಪಿಕೊಂಡರು. ಆದರೆ ಪರಿಹಾರ ನಮ್ಮ ಕೈಯಲ್ಲಿಲ್ಲ, ಜನರ ನೈತಿಕ ಪ್ರಗತಿಯಾಗಿ ಹಣದ ಮೋಹ ಕಡಿಮೆಯಾದಾಗ ಎಲ್ಲವೂ ಸರಿಹೋಗುತ್ತದೆ ಎಂಬರ್ಥದ ಮಾತಿನಿಂದ ಕಡತವನ್ನು ಮುಚ್ಚಿದರು. ಸರ್ಕಾರಿ ಕಚೇರಿಗಳಲ್ಲಿ ದಶಕಗಳನ್ನು ಕಳೆದ ನಮ್ಮಂಥವರಿಗೆ ಈ ಭಾಷೆ ಹೊಸದಲ್ಲ. ‘ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾ ಎಲ್ಲ ದೇಶಗಳಲ್ಲೂ ಒಂದೇ. ಅದೆಷ್ಟು ಪೊಳ್ಳಾಗಿತ್ತು ಎಂಬುದಕ್ಕೆ ಅಮೆರಿಕದಲ್ಲೇ ನಿದರ್ಶನವಿತ್ತು. ಐದು ವರ್ಷಗಳ ಹಿಂದೆಯೇ, 1840ರಲ್ಲಿ, ಅಧ್ಯಕ್ಷ ವ್ಯಾನ್ ಬ್ಯೂರನ್ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಹತ್ತು ಗಂಟೆಯ ದಿನವನ್ನು ಒಂದು ಆದೇಶದ ಮೂಲಕ ಜಾರಿಗೆ ತಂದಿದ್ದರು. ಮಾಡಲು ಬಂದಿತ್ತು, ಮಾಡುವ ಮನಸ್ಸಿರಲಿಲ್ಲ.

ಇಲ್ಲಿ ನಮ್ಮ ಮಹನೀಯ ಸಿದ್ಧಾಂತವನ್ನು ಆ ವರದಿಯ ಪಕ್ಕದಲ್ಲಿಟ್ಟು ನೋಡಬೇಕು. ಸುಧಾರಣೆ ಅಂತಃಸಾಕ್ಷಿಯಿಂದಲೇ ಬರಬೇಕು, ಕಾನೂನಿನಿಂದಲ್ಲ ಎಂದು ಹೇಳಿದ್ದು ಆ ಸಮಿತಿಯೇ. ಅಂದರೆ ನಾವು ಉದಾತ್ತವೆಂದು ಭಾವಿಸಿ ಆಡುವ ಮಾತು, ಗಿರಣಿಯ ಮಾಲೀಕರಿಗೆ ಅಂದು ಅತ್ಯಂತ ಅನುಕೂಲವಾದ ಮಾತಾಗಿತ್ತು. ಕೆಲಸಗಾರ್ತಿಯರು ಅದನ್ನು ನಂಬಿ ಕೂರಲಿಲ್ಲ. ಸಮಿತಿಯ ಅಧ್ಯಕ್ಷರಾಗಿದ್ದ ವಿಲಿಯಂ ಷೌಲರ್ ಅವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಬೇಕೆಂದು ಪ್ರಚಾರ ಮಾಡಿದರು. ಷೌಲರ್ ಸೋತರು. ಈ ಪ್ರಚಾರ ಮಾಡಿದ ಒಬ್ಬರಿಗೂ ಮತದಾನದ ಹಕ್ಕಿರಲಿಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ನಮಗೆ ಗೊತ್ತಿದೆ. ಇವರು ಸಾಧಿಸಿದ್ದಾದರೂ ಏನು? 1847ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯ ಹತ್ತು ಗಂಟೆಯ ಕಾನೂನು ಮಾಡಿತು, ಆದರೆ ಪ್ರತ್ಯೇಕ ಕರಾರಿಗೆ ಸಹಿ ಹಾಕಿಸಿಕೊಂಡರೆ ಹೆಚ್ಚು ದುಡಿಸಬಹುದೆಂಬ ಕಿಂಡಿಯನ್ನೂ ಬಿಟ್ಟಿತು. ಮ್ಯಾಸಚೂಸೆಟ್ಸ್‌ನಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಅನ್ವಯಿಸುವ ಕಾನೂನು ಬಂದದ್ದು 1874ರಲ್ಲಿ. ಸೋತವರ ಕಥೆ ನಮಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಮರುಪ್ರಶ್ನೆ ಇದು: ಥೋರೋ ಸೆರೆಯಲ್ಲಿ ಕಳೆದ ಒಂದು ರಾತ್ರಿಯಿಂದ ಮೆಕ್ಸಿಕೊ ಯುದ್ಧ ನಿಂತಿತೆ? ಹಾಥಾರ್ನ್ ಕೆಲಕಾಲ ಇದ್ದುಬಂದ ಬ್ರೂಕ್ ಫಾರ್ಮ್ ಎಂಬ ಆದರ್ಶ ಸಮುದಾಯ 1841ರಲ್ಲಿ ಆರಂಭವಾಗಿ 1847ರ ಹೊತ್ತಿಗೆ ಮುಚ್ಚಿಹೋಯಿತು. ಅದರ ಸೋಲನ್ನು ನಾವು ಭವ್ಯವೆನ್ನುತ್ತೇವೆ, ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ವಿದ್ಯಾವಂತರ ಸೋಲು ದರ್ಶನವಾಗುವುದೂ ದುಡಿಯುವವರ ಸೋಲು ಬರಿಯ ಸೋಲಾಗುವುದೂ ಯಾವ ನ್ಯಾಯ?

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಲೋವೆಲ್ ನೂಲುತ್ತಿದ್ದ ಹತ್ತಿ ದಕ್ಷಿಣದ ರಾಜ್ಯಗಳ ಗುಲಾಮರು ಬಿಡಿಸಿದ ಹತ್ತಿ. ಅಲ್ಲಿ ನೇಯ್ದ ಒರಟು ಬಟ್ಟೆಯನ್ನು ಮತ್ತೆ ಆ ಗುಲಾಮರಿಗೇ ಉಡಿಸಲಾಗುತ್ತಿತ್ತು. ಆ ಬಟ್ಟೆಗೆ ತೋಟಗಳಲ್ಲಿ ‘ಲೋವೆಲ್’ ಎಂದೇ ಹೆಸರು. ಹೀಗಿರುವಾಗ ಗಿರಣಿಯ ಹುಡುಗಿಯರು ತಮ್ಮನ್ನು ಗುಲಾಮರಿಗೆ ಹೋಲಿಸಿಕೊಂಡದ್ದು ಸರಿಯೆ? ಸರಿಯಲ್ಲ. ಅವರಿಗೆ ಊರಿಗೆ ಹಿಂದಿರುಗುವ ದಾರಿಯಿತ್ತು, ಅವರ ಮಕ್ಕಳನ್ನು ಯಾರೂ ಹರಾಜು ಹಾಕುತ್ತಿರಲಿಲ್ಲ. ಆ ಕಾಲದ ಸುಧಾರಣೆಯ ಮೇಲೆ ಈ ಕಲೆ ಎಲ್ಲೆಡೆಯೂ ಇದೆ. 1821ರ ನ್ಯೂಯಾರ್ಕ್ ಸಂವಿಧಾನ ಬಿಳಿಯ ಗಂಡಸರ ಮತದಾನಕ್ಕಿದ್ದ ಆಸ್ತಿಯ ನಿರ್ಬಂಧವನ್ನು ಬಹುಮಟ್ಟಿಗೆ ಸಡಿಲಿಸಿ, ಕಪ್ಪು ಜನರಿಗೆ ಮಾತ್ರ 250 ಡಾಲರಿನ ಆಸ್ತಿಯ ಷರತ್ತು ವಿಧಿಸಿತು. ಇದನ್ನು ಮರೆಮಾಚಿ ಲೋವೆಲ್ ಹೋರಾಟವನ್ನು ಹೊಗಳುವುದು ನಮಗೆ ಬೇಕಿಲ್ಲ. ಆದರೆ ಅದೇ ಲೋವೆಲ್‌ನಲ್ಲಿ ಗುಲಾಮಗಿರಿಯ ವಿರುದ್ಧ ಸಂಘ ಕಟ್ಟಿ ದುಡಿದ ಹೆಂಗಸರೂ ಇದ್ದರು. ತಮ್ಮ ಕೈಗೆ ಬರುವ ಹತ್ತಿ ಎಲ್ಲಿಂದ ಬಂತೆಂದು ಅವರು ಕೇಳಿದರು. ಆ ಹತ್ತಿಯ ಎಳೆ ನಮ್ಮ ನೆಲಕ್ಕೂ ಚಾಚಿದೆ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಬೀಜ ನೆಲೆಯೂರಿತು. 1861ರ ಅಂತರ್ಯುದ್ಧದಿಂದ ದಕ್ಷಿಣದ ಹತ್ತಿ ನಿಂತಾಗ ಬೆಲೆಯ ಏರಿಕೆ ಮುಂಬಯಿ ಬಂದರಿನಿಂದ ಧಾರವಾಡದ ಹೊಲದವರೆಗೂ ಮುಟ್ಟಿತು. ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಥೋರೋ ಅವರಿಗೆ ಅನ್ಯಾಯ ಮಾಡುವ ಉದ್ದೇಶ ನಮಗಿಲ್ಲ. ಗಿರಣಿಗಳು ಇರುವುದು ಜನರಿಗೆ ಬಟ್ಟೆ ಉಡಿಸುವುದಕ್ಕಲ್ಲ, ಕಂಪನಿಗಳ ಲಾಭಕ್ಕೆ ಎಂಬ ಅರಿವು ‘ವಾಲ್ಡನ್’ನಲ್ಲಿದೆ. ಆದರೂ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. 1839ರಲ್ಲಿ ಅವರು ಅಣ್ಣನೊಡನೆ ಕೈಗೊಂಡ ದೋಣಿಯಾನವನ್ನು ಕುರಿತ ಪುಸ್ತಕ ನಮಗೆಲ್ಲ ಗೊತ್ತು. ಅವರ ಊರಿನ ಕಾಂಕರ್ಡ್ ನದಿ ಮೆರಿಮ್ಯಾಕ್ ನದಿಯನ್ನು ಸೇರುವುದು ಲೋವೆಲ್‌ನಲ್ಲಿಯೇ. ಜಲಪಾತವಿದ್ದುದರಿಂದ ದೋಣಿ ಕಾಲುವೆ ಹಿಡಿದು, ಗಿರಣಿಗಳನ್ನು ಬಳಸಿ, ಮೇಲುಭಾಗದಲ್ಲಿ ಮತ್ತೆ ನದಿಗಿಳಿಯಿತು. ದೋಣಿಗೆ ಅದು ಅನಿವಾರ್ಯವಾಗಿತ್ತು. ನಮ್ಮ ಓದಿಗೆ ಅಂಥ ಅನಿವಾರ್ಯವೇನೂ ಇರಲಿಲ್ಲ. ಮೆಲ್ವಿಲ್ 1855ರಲ್ಲಿಯೇ ಕಾಗದದ ಗಿರಣಿಯ ಹುಡುಗಿಯರನ್ನು ಕುರಿತು ಕಥೆ ಬರೆದಿದ್ದರು. ನಮ್ಮ ತರಗತಿಗಳು ತಿಮಿಂಗಿಲದ ಬೆನ್ನು ಹತ್ತಿ ಹೋದವು.

ಇಂದು ನಮ್ಮ ದೇಶದಲ್ಲಿ ವಾರಕ್ಕೆ 70 ಗಂಟೆ ದುಡಿಯುವುದು ದೇಶಸೇವೆಯೆಂದು ಗಣ್ಯರು ಉಪದೇಶಿಸುತ್ತಿದ್ದಾರೆ. ಕಚೇರಿಯ ಆವರಣದ ಉಪಾಹಾರಗೃಹವನ್ನೂ ವ್ಯಾಯಾಮಶಾಲೆಯನ್ನೂ ತೋರಿಸಿ, ಇಷ್ಟೆಲ್ಲ ಇರುವಾಗ ದೂರೇಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ಉತ್ತರ ಕೊಡಲು ಕೊಳದ ದಡದ ಏಕಾಂತ ಸಾಲದು. ಎಂಟು ಗಂಟೆಯ ದಿನ ಯಾವ ಮಹಾತ್ಮನ ವರವೂ ಅಲ್ಲವೆಂಬುದನ್ನು, ದೀಪಗಳನ್ನು ಎಣಿಸಿ ಹೇಳಿದ, ಮತವಿಲ್ಲದೆಯೂ ಒಬ್ಬ ಶಾಸಕನನ್ನು ಸೋಲಿಸಿದ ಹೆಂಗಸರಿಂದ ಕಲಿಯಬೇಕು. ನಮ್ಮ ಬಳಗ ವರ್ಷಕ್ಕೊಮ್ಮೆ ‘ವಾಲ್ಡನ್’ ಓದುವುದನ್ನು ನಿಲ್ಲಿಸಬೇಕಿಲ್ಲ. ಅದರ ಜೊತೆಗೆ 1845ರ ಆ ವಿಚಾರಣೆಯ ಹೇಳಿಕೆಗಳನ್ನೂ ಕನ್ನಡಕ್ಕೆ ತಂದು, ಒಂದೇ ಸಂಜೆ ಎರಡನ್ನೂ ಓದೋಣ. ಯಾವುದು ಸಾಹಿತ್ಯ, ಯಾವುದು ಬರಿಯ ಅರ್ಜಿ ಎಂಬ ಚರ್ಚೆಯನ್ನು ಆ ಮೇಲೆ ಇಟ್ಟುಕೊಳ್ಳೋಣ.