ಕರೆಂಟು ಹೋದರೆ ಲಿಫ್ಟು ಬೀಳುತ್ತಾ?

ಮಕ್ಕಳೇ, ಪಾಂಡವಪುರದಲ್ಲಿ ನಮ್ಮ ನೆಂಟರ ಮನೆ ಮದುವೆ. ಊಟದ ಹಾಲು ಎರಡನೇ ಮಹಡಿಯಲ್ಲಿ. ನಮ್ಮ ಮನೆಯವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಅವರು, ನಾನು, ಐದನೇ ಕ್ಲಾಸಿನ ಮೊಮ್ಮಗ, ಮೂವರೂ ಲಿಫ್ಟು ಹತ್ತಿದೆವು. ಮೊದಲನೇ ಮಹಡಿ ದಾಟುತ್ತಿದ್ದ ಹಾಗೇ ಕರೆಂಟು ಹೋಯಿತು. ಕತ್ತಲು. ಫ್ಯಾನೂ ನಿಂತಿತು.

"ತಾತ, ಈಗ ಕೆಳಕ್ಕೆ ಬಿದ್ದೋಗುತ್ತಾ?" ಅಂದ ಮೊಮ್ಮಗ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಬೀಳುವುದಿಲ್ಲ. ಯಾಕೆ ಅಂತ ಕೇಳಿ. ಲಿಫ್ಟಿನ ಮೋಟಾರಿಗೆ ಒಂದು ಬ್ರೇಕು ಇರುತ್ತದೆ. ಸ್ಪ್ರಿಂಗು ಅದನ್ನು ಸದಾ ಒತ್ತಿ ಹಿಡಿದಿರುತ್ತದೆ. ಕರೆಂಟು ಹರಿದಾಗ ಮಾತ್ರ ಬ್ರೇಕು ಬಿಡುತ್ತದೆ. ಕರೆಂಟು ಹೋದ ಕ್ಷಣವೇ ಸ್ಪ್ರಿಂಗು ಮತ್ತೆ ಕಚ್ಚುತ್ತದೆ, ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಹಗ್ಗವೂ ಒಂದೇ ಅಲ್ಲ, ಹಲವು ಉಕ್ಕಿನ ಹಗ್ಗಗಳಿರುತ್ತವೆ. ಒಂದು ವೇಳೆ ಲಿಫ್ಟು ಮಿತಿಮೀರಿ ವೇಗವಾಗಿ ಇಳಿದರೆ ಪಕ್ಕದ ಕಂಬಿಗಳನ್ನೇ ಕಚ್ಚಿ ನಿಲ್ಲಿಸುವ ಸಲಕರಣೆ ಬೇರೆ ಇರುತ್ತದೆ. 1854ರಲ್ಲಿ ನ್ಯೂಯಾರ್ಕಿನಲ್ಲಿ ಎಲಿಷಾ ಓಟಿಸ್ ಎಂಬಾತ ಜನರ ಎದುರಿಗೇ ಎತ್ತರದ ಅಟ್ಟಣೆಯ ಮೇಲೆ ನಿಂತು, ಅದರ ಹಗ್ಗ ಕತ್ತರಿಸಿಸಿ, ಬೀಳದೆ ನಿಂತು ತೋರಿಸಿದ. ಆಮೇಲೆಯೇ ಜನಕ್ಕೆ ಲಿಫ್ಟಿನ ಮೇಲೆ ನಂಬಿಕೆ ಬಂದದ್ದು.

ಹಾಗಾದರೆ ಅಪಾಯ ಎಲ್ಲಿ? ನಮ್ಮ ಆತುರದಲ್ಲಿ. ಅವತ್ತು ಆದದ್ದೂ ಅದೇ. ಹೊರಗಿದ್ದ ಹುಡುಗರು ಕಂಬಿ ಹಾಕಿ ಮೊದಲನೇ ಮಹಡಿಯ ಬಾಗಿಲು ಮೀಟಿದರು. ಆ ಮಹಡಿಯ ನೆಲ ನಮ್ಮ ಕಾಲಿಗಿಂತ ಮೂರ್ನಾಲ್ಕು ಅಡಿ ಕೆಳಗಿತ್ತು. "ಹಾರ್‌ಬುಡು ಮರಿ, ಹಿಡ್ಕತೀವಿ" ಅಂದರು. ಮೊಮ್ಮಗ ಹೊರಟೇಬಿಟ್ಟ. ನಾನು ಅಂಗಿ ಹಿಡಿದು ಎಳೆದೆ. ಯಾಕೆಂದರೆ ಲಿಫ್ಟಿನ ತಳಕ್ಕೂ ಆ ನೆಲಕ್ಕೂ ನಡುವೆ ಬಾಯಿ ತೆರೆದ ಗುಂಡಿ. ಹಾರಿದವನು ಹಿಂದಕ್ಕೆ ಜಾರಿದರೆ ನೇರ ಪಾತಾಳಕ್ಕೆ. ಸಿಕ್ಕಿಕೊಂಡ ಲಿಫ್ಟಿನೊಳಗೆ ಕೂತವರು ಉಳಿಯುತ್ತಾರೆ. ಹಾರಿದವರ ಜೀವಕ್ಕೇ ಅಪಾಯ.

ಅಷ್ಟರಲ್ಲಿ ವಾಚ್‌ಮನ್ ಕೂಗಿದ: "ಎದ್ರುಕೋಬೇಡಿ ಸಾ, ಅಲ್ಲೇ ಇರಿ." ಲಿಫ್ಟಿನ ಕೆಲಸ ಗೊತ್ತಿದ್ದವನೊಬ್ಬ ಬಂದು ಮೊದಲು ಮೇನ್ ಸ್ವಿಚ್ಚು ತೆಗೆದ. ಆಮೇಲೆ ಬ್ರೇಕನ್ನು ಕೈಯಲ್ಲೇ ಸಡಿಲಿಸಿ, ಚಕ್ರ ತಿರುಗಿಸಿ, ಲಿಫ್ಟನ್ನು ನೆಲದ ಸಮಕ್ಕೆ ತಂದ. ಇಪ್ಪತ್ತು ನಿಮಿಷ ಹಿಡಿಯಿತು. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಬ್ಯಾಟರಿ ಅಲ್ಲಿಯೂ ಇತ್ತಂತೆ. ಅದು ಕೆಟ್ಟು ವರ್ಷವಾಗಿತ್ತಂತೆ! ನಮ್ಮ ಮನೆಯವರು ಅಂದಿನಿಂದ ಲಿಫ್ಟು ಅಂದರೆ ಬೇಡ ಅನ್ನುತ್ತಾರೆ. ಮಂಡಿ ಹಿಡಿದುಕೊಂಡು ಮೆಟ್ಟಿಲನ್ನೇ ಹತ್ತುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ.

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ. ಒಂದು ಕ್ಯಾಷಿಯರ್ ಹತ್ತಿರ, ಒಂದು ಆಫೀಸರ್ ಹತ್ತಿರ. ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಲಿಫ್ಟಿನ ಕರೆಂಟೂ ಹಾಗೆಯೇ. ಹೊರಬಾಗಿಲು, ಒಳಬಾಗಿಲು ಎರಡೂ ಸರಿಯಾಗಿ ಮುಚ್ಚಿದರೆ ಮಾತ್ರ ಮೋಟಾರಿಗೆ ಕರೆಂಟು ಹೋಗಬೇಕು. ಬಾಗಿಲು ತೆರೆದಿದ್ದೂ ಲಿಫ್ಟು ಚಲಿಸಿತೋ, ಯಾರೋ ಆ ಬೀಗದ ತಂತಿಯನ್ನು 'ಸದ್ಯಕ್ಕೆ' ಅಂತ ಜೋಡಿಸಿಬಿಟ್ಟಿದ್ದಾರೆ ಅಂತ ತಿಳಿಯಿರಿ. ಅಂಥ ಲಿಫ್ಟು ಹತ್ತಬೇಡಿ.

ಇನ್ನು ಅರ್ತಿಂಗು. ತಂತಿಯ ಹೊದಿಕೆ ಸವೆದು ಕರೆಂಟು ಲಿಫ್ಟಿನ ಕಬ್ಬಿಣಕ್ಕೆ ಇಳಿದರೆ, ಅದಕ್ಕೆ ಭೂಮಿಗೆ ಹೋಗಲು ಸಲೀಸಾದ ದಾರಿ ಬೇಕು. ಆ ದಾರಿಯಿದ್ದರೆ ಫ್ಯೂಸು ಹಾರಿ ಕರೆಂಟು ನಿಲ್ಲುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ! ಅದಕ್ಕೇ ಮೋಟಾರಿಗೆ ಒಂದಲ್ಲ, ಎರಡು ಪ್ರತ್ಯೇಕ ಅರ್ತ್ ಬೇಕೆಂಬ ನಿಯಮ. ಬಾಗಿಲು ಮುಟ್ಟಿದಾಗ ಕೈ ಜುಮ್ಮೆಂದರೆ ನಕ್ಕು ಸುಮ್ಮನಾಗಬೇಡಿ, ಕೂಡಲೇ ದೊಡ್ಡವರಿಗೆ ಹೇಳಿ. ಮಳೆಗಾಲದಲ್ಲಿ ಲಿಫ್ಟಿನ ಗುಂಡಿಯಲ್ಲಿ ನೀರು ನಿಂತಿದ್ದರೂ ಅಷ್ಟೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. 2012ರ ಕರ್ನಾಟಕದ ಕಾಯ್ದೆ ಲಿಫ್ಟಿಗೂ ಎಸ್ಕಲೇಟರಿಗೂ ಅನ್ವಯ. ಲಿಫ್ಟು ಕೂರಿಸಲು ಅನುಮತಿ ಬೇಕು, ಓಡಿಸಲು ಪರವಾನಗಿ ಬೇಕು. ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಮನೆಗೆ ಬಿಲ್ಲು ಕೊಡುವ ಸೆಸ್ಕ್ ಬೇರೆ, ಇದು ಬೇರೆ.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಕರೆಂಟಿನ ವಿಷಯದಲ್ಲಿ ನಾವು ಹಳಬರು. ಲಿಫ್ಟಿಗೆ ಮಾತ್ರ ಹೊಸಬರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಲ್ಲೂ ಮಹಡಿಗಳು ಏಳುತ್ತಿವೆ, ಲಿಫ್ಟುಗಳೂ ಬರುತ್ತಿವೆ. ಹಾಗಾಗಿ ನಿಮಗೆ ಈ ವಾರದ ಮನೆಕೆಲಸ: ಲಿಫ್ಟು ಹತ್ತುವಾಗ ಇವನ್ನು ನೋಡಿ. ಎಷ್ಟು ಜನ ಹತ್ತಬಹುದೆಂದು ಬರೆದಿದೆಯೇ? ಗಂಟೆಯ ಗುಂಡಿ ಒತ್ತಿದರೆ ಹೊರಗೆ ಕೇಳುತ್ತದೆಯೇ? (ಒಬ್ಬ ದೊಡ್ಡವರನ್ನು ಹೊರಗೆ ನಿಲ್ಲಿಸಿ, ಒಂದೇ ಸಲ ಒತ್ತಿ. ಆಟಕ್ಕಲ್ಲ.) ಕರೆಂಟು ಹೋದಾಗ ಉರಿಯುವ ದೀಪವಿದೆಯೇ? ಫೋನ್ ನಂಬರು ಇದೆಯೇ? ಬೆಂಕಿ ಬಿದ್ದಾಗ ಮಾತ್ರ ಲಿಫ್ಟಿನ ಕಡೆ ಹೋಗಲೇಬೇಡಿ, ಮೆಟ್ಟಿಲೇ ಗತಿ. ಮೈಸೂರಿನ ಮಾಲುಗಳಲ್ಲಿ ಎಸ್ಕಲೇಟರು ಹತ್ತುವಾಗ ಅಜ್ಜಿಯ ಸೀರೆಯಂಚು, ನಿಮ್ಮ ಶೂ ಲೇಸು ಎತ್ತಿ ಹಿಡಿಯಿರಿ. ಏನಾದರೂ ಸಿಕ್ಕಿಕೊಂಡರೆ ತುದಿಯಲ್ಲಿ ಕೆಂಪು ಗುಂಡಿ ಇರುತ್ತದೆ, ಒತ್ತಿ.

ಹೋದ ತಿಂಗಳು ಕೆ.ಆರ್. ಪೇಟೆಯ ಒಂದು ಕಟ್ಟಡದಲ್ಲಿ ಮೊಮ್ಮಗ ಲಿಫ್ಟಿನ ಮುಂದೆ ನಿಂತು ವಾಚ್‌ಮನ್‌ನನ್ನು ಕೇಳಿದ: "ಅಂಕಲ್, ಇದರ ಬ್ಯಾಟರಿ ಸರಿ ಇದೆಯಾ?" ಆತ ನಗಲಿಲ್ಲ. ಮೇನ್ ಸ್ವಿಚ್ಚು ತೆಗೆದು, ಖಾಲಿ ಲಿಫ್ಟು ಮಹಡಿಗೆ ಬಂದು ಬಾಗಿಲು ತೆರೆಯುವುದನ್ನು ತೋರಿಸಿದ. ನಮ್ಮ ಮನೆಯವರು ಒಂದು ಕ್ಷಣ ಯೋಚಿಸಿ, "ಸರಿ, ಬಾ" ಅಂತ ಮೊಮ್ಮಗನ ಕೈ ಹಿಡಿದು ಒಳಗೆ ನಡೆದರು.